ಗುಳಿಗೆ ಬಿಟ್ಟ ವರ್ಷ

ನನ್ನ ಮೊದಲ ಮಗು ಹುಟ್ಟಿದ ವಾರದಲ್ಲೇ ತೀರಿಕೊಂಡಿತು. ಆಗ ನಾವು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಗಂಡ, ಅವರ ಅಣ್ಣ, ಆ ಅಣ್ಣನ ಹೆಂಡತಿ ನನ್ನ ನೆಗೆಣ್ಣಿ, ಎಲ್ಲರೂ ಒಟ್ಟಿಗೆ. ನನ್ನ ಅಳು ನಿಲ್ಲಲೇ ಇಲ್ಲ. ಗಂಡ ಶಹಾಬಾದಿನ ಒಬ್ಬ ಡಾಕ್ಟರರ ಹತ್ತಿರ ಕರೆದೊಯ್ದರು. ಡಾಕ್ಟರು ನನ್ನನ್ನೇನೂ ಕೇಳದೆ ಅವರ ಜೊತೆಗೇ ಮಾತಾಡಿ ನಿದ್ದೆ ಗುಳಿಗೆ ಬರೆದುಕೊಟ್ಟರು. ಯಾವಾಗ ನಿಲ್ಲಿಸಬೇಕೆಂದು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಅದು ವರ್ಷಗಟ್ಟಲೆ ನಡೆಯಿತು. ಗಂಡ ಸಂತೆಯಿಂದ ಉಳ್ಳಾಗಡ್ಡಿ, ಮೆಣಸಿನಕಾಯಿ ತರುವಾಗ ಅದನ್ನೂ ತರುತ್ತಿದ್ದರು. ನಾನು ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದರೂ ತಿರುವಿಹಾಕಲು ಕೈ ಏಳುತ್ತಿರಲಿಲ್ಲ. ಈ ನಡುವೆ ಮಗಳು ಹುಟ್ಟಿದಳು. ಅವಳಿಗೆ ಎರೆದು, ಉಣಿಸಿ ಬೆಳೆಸಿದವಳು ನೆಗೆಣ್ಣಿ. ಮನೆಗೆ ಬಂದವರ ಮುಂದೆ ಗಂಡ, "ಈಗ ಭಾಳ ಶಾಣ್ಯಾಕಿ ಆಗ್ಯಾಳ" ಎನ್ನುತ್ತಿದ್ದರು.

ತಮ್ಮನ ಮದುವೆಗೆಂದು, ಮಗಳನ್ನು ನೆಗೆಣ್ಣಿಯ ಹತ್ತಿರ ಬಿಟ್ಟು ತವರು ಕೊಡ್ಲಿಗೆ ಹೋದೆ. ಗುಳಿಗೆ ವಾಡಿಯಲ್ಲೇ ಉಳಿಯಿತು.

"ತವರಮನ್ಯಾಗ ನಿದ್ದಿಗಿ ಗುಳಿಗಿ ಯಾಕ ಬೇಕವ್ವ?" ಎಂದಳು ಅವ್ವ. ನನಗೂ ಹೌದೆನಿಸಿತು.

ಮರುದಿನದಿಂದ ಕೈಗಳು ನಡುಗತೊಡಗಿದವು. ಸೀರೆ ಬೆವರಿಗೆ ತೊಯ್ದು ಮೈಗೆ ಅಂಟಿತು. ಗೋಡೆಯ ತುಂಬ ಇರುವೆ ಎಂದು ಕೂಗಿಕೊಂಡೆ. ಅಲ್ಲಿ ಇರುವೆಯೇ ಇರಲಿಲ್ಲವಂತೆ. ತಮ್ಮನಿಗೆ ಅರಿಶಿನ ಹಚ್ಚುವ ಹೊತ್ತಿಗೆ ಹಂದರದ ಕೆಳಗೆ ಬಿದ್ದು ಸೆಟೆದುಕೊಂಡೆ. ಕಣ್ಣು ಬಿಟ್ಟಾಗ ಬಾಯಿತುಂಬ ರಕ್ತ, ಮೂಗಿನ ಮುಂದೆ ಬೇವಿನ ಹೊಗೆ. "ಗಾಳಿ ಬಡದದ" ಎಂದು ನೆಂಟರ ಹೆಂಗಸರು ದೂರ ಸರಿದು ನಿಂತಿದ್ದರು.

ಮದುಮಗ ಊರು ದಾಟಬಾರದೆಂದು ಹಿರಿಯರು ತಡೆದರು. ತಮ್ಮ ಕೇಳಲಿಲ್ಲ. ಅರಿಶಿನದ ಮೈಯಲ್ಲೇ ಯಾರದೋ ಜೀಪಿನಲ್ಲಿ ನನ್ನನ್ನು ಸೇಡಂ ದವಾಖಾನೆಗೆ ಒಯ್ದ. ಅಲ್ಲಿಯ ಡಾಕ್ಟರು ಎಲ್ಲ ಕೇಳಿ ಸಿಟ್ಟಾದರು.

"ಇದನ್ನ ಒಮ್ಮಿಗೇ ಬಿಟ್ಟರ ಜೀವಾನೇ ಹೋಗ್ತದವ್ವ. ಕೊಟ್ಟವರು ಹೇಳಿಲ್ಲೇನು?"

"ಇಲ್ರಿ."

ಮತ್ತೆ ಗುಳಿಗೆ ಕೊಟ್ಟು, ತಿಂಗಳುಗಟ್ಟಲೆ ತಾವೇ ನೋಡುತ್ತ ಇಷ್ಟಿಷ್ಟೇ ಇಳಿಸಿದರು. ನಾನು ಕೊಡ್ಲಿಯಲ್ಲೇ ಉಳಿದೆ. ಪ್ರತಿ ಸಲ ಇಳಿಸಿದಾಗಲೂ ನಿದ್ದೆ ಹಾರಿಹೋಗುತ್ತಿತ್ತು, ಪಾತ್ರೆ ಸದ್ದಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಸತ್ತ ಮಗುವಿನ ದುಃಖ ಅಷ್ಟು ವರ್ಷ ಎಲ್ಲಿತ್ತೋ, ಆಗ ಹೊರಬಂತು. ಅವ್ವ ಅಳಬೇಡ ಎನ್ನಲಿಲ್ಲ.

ಗುಳಿಗೆ ಪೂರ್ತಿ ಬಿಟ್ಟು ವಾಡಿಗೆ ಮರಳಿದಾಗ ಮಗಳು ನೆಗೆಣ್ಣಿಯ ಸೆರಗಿನ ಹಿಂದೆ ನಿಂತಳು. ಅವಳಿಗೆ "ಅವ್ವ" ಎನ್ನುತ್ತಿದ್ದಳು, ನನಗೆ "ಚಿಗವ್ವ". ಆ ಮಬ್ಬಿನಲ್ಲಿ ಇದನ್ನು ದಿನವೂ ಕೇಳಿರಬೇಕು. ಎದೆಗೆ ತಾಗಿದ್ದು ಅಂದೇ. ನೆಗೆಣ್ಣಿಗೆ ಏನೆನ್ನಲಿ? ಗಂಡನನ್ನೇ ಕೇಳಿದೆ, ಒಂದು ದಿನವಲ್ಲ, ದಿನವೂ.

"ಯಾವಾಗ ನಿಲ್ಲಸಬೇಕಂತ ಒಮ್ಮಿಯಾದ್ರೂ ಆ ಡಾಕ್ಟರಿಗಿ ಕೇಳಬಾರದಿತ್ತೇನ್ರಿ?"

"ಮನಿ ತಣ್ಣಗಿತ್ತಲ್ಲ. ಈಗ ನೋಡು, ದಿನಾ ಜಗಳಾ ತೆಗೀಲಿಕತ್ತಿ. ಆವಾಗೇ ಛಲೋ ಇದ್ದಿ ನೀ."

ಆಮೇಲೂ ಅವರ ಜೊತೆಯಲ್ಲೇ ಬಾಳಿದೆ, ಹೋಗುವುದೆಲ್ಲಿಗೆ? ಜಗಳವನ್ನಂತೂ ಬಿಡಲಿಲ್ಲ. ಮಗಳು ದೊಡ್ಡವಳಾದ ಮೇಲೆ ನನ್ನನ್ನು ಅವ್ವ ಎನ್ನಲು ಕಲಿತಳು, ಅದೂ ಹೊರಗಿನವರ ಮುಂದೆ ಮಾತ್ರ.