ಮುಳುಗಿದರೆ ಎಂತ ಎಂದು ಕೇಳಿದವನು

ಪರದೇಶಕ್ಕೆ ಸಾಮಾನು ಸಾಗಿಸಲು ಎಂಥವನನ್ನು ಹಿಡಿಯಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ ಹೇಳುವುದು ಒಂದೇ ಮಾತು. ಕೇಳಿದ್ದಕ್ಕೆಲ್ಲ ‘ಆಗ್ತದೆ, ಆಗ್ತದೆ’ ಎನ್ನುವವನನ್ನು ಜಗಲಿಯಿಂದಲೇ ಕಳಿಸಿಬಿಡಿ. ಇಷ್ಟು ವರ್ಷ ಕಳೆದರೂ ಇದನ್ನು ಹೇಳುವಾಗ ನನ್ನ ದನಿ ಏರುತ್ತದೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರು ನನ್ನ ಹೊಲಿಗೆ ಮಿಶನನ್ನು ಕಂಡವರಲ್ಲ.

ಯುದ್ಧ ಮುಗಿದ ಮರುವರ್ಷದ ಸಂಗತಿ. ನನ್ನ ಗಂಡ ಕೊಲಂಬೊದಲ್ಲಿ ಹೆಂಚಿನ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರಾಗಿದ್ದರು. ಯುದ್ಧದ ಕಾಲದಲ್ಲಿ ಹೆಂಗಸರನ್ನು ಕರೆಸಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ನಾನು ಕುಂಬಳೆಯ ಹತ್ತಿರ ತಾಯಿಯ ಮನೆಯಲ್ಲೇ ಇದ್ದೆ. ನಮ್ಮದು ಅಳಿಯಸಂತಾನದ ಕುಟುಂಬ. ಹೆಸರಿಗೆ ಅದು ಹೆಣ್ಣುಮಕ್ಕಳ ಮನೆ, ಬೀಗದ ಕೈಗೊಂಚಲು ಮಾತ್ರ ಮಾವನ ಸೊಂಟದಲ್ಲಿ. ಮಾವ ಎಂದರೆ ಅಮ್ಮನ ಅಣ್ಣ, ಮನೆಯ ಯಜಮಾನ. ಅಕ್ಕಿ ಅಳೆದು ಕೊಡುವುದು ಅವರು, ತಲೆಗೆ ಹಚ್ಚುವ ಎಣ್ಣೆ ಕೊಡುವುದು ಅವರು. ಅಮ್ಮ ವಿಧವೆ, ಸಾಲದ್ದಕ್ಕೆ ದಮ್ಮಿನ ಕಾಯಿಲೆಯವಳು. ಅವಳ ಕಷಾಯದ ಮದ್ದಿಗೂ ಎಲೆ ಅಡಿಕೆಗೂ ಅಣ್ಣನ ಮುಂದೆ ನಿಲ್ಲಬೇಕಿತ್ತು.

ಅದನ್ನು ತಪ್ಪಿಸಿದ್ದು ನನ್ನ ಮಿಶನು. ರೈಲ್ವೆಯಲ್ಲಿ ಕೆಲಸದಲ್ಲಿದ್ದ ಅಪ್ಪ ತಾನು ಸಾಯುವ ಮುಂಚೆ ನನ್ನ ಹೆಸರು ಹೇಳಿ ಕೊಟ್ಟದ್ದು. ಕಾಲಿನಿಂದ ತುಳಿಯುವ, ಕಪ್ಪು ಮೈಯ ಮೇಲೆ ಚಿನ್ನದ ಬಣ್ಣದ ಹೂಬಳ್ಳಿ ಬರೆದ ಮಿಶನು. ಮಂಗಳೂರಿನಲ್ಲಿ ಕನ್ಯಾಸ್ತ್ರೀಯರ ಹತ್ತಿರ ಹೊಲಿಗೆ ಕಲಿತು ಬಂದಿದ್ದೆ. ರವಕೆ, ಲಂಗ, ಶಾಲೆಯ ಮಕ್ಕಳ ಅಂಗಿ ಹೊಲಿದು ಸಿಕ್ಕಿದ್ದರಲ್ಲಿ ಅಮ್ಮ ತಲೆ ಎತ್ತಿ ಎಲೆ ಅಗಿಯುತ್ತಿದ್ದಳು. ಗಂಡನ ಸಂಬಳದಿಂದ ಕೊಡಬಾರದಿತ್ತೆ ಎಂದು ನೀವು ಕೇಳಬಹುದು. ಅಳಿಯಸಂತಾನದಲ್ಲಿ ಗಂಡಿನ ದುಡಿಮೆ ಮೊದಲು ಅವನ ತಾಯಿಯ ಮನೆಗೆ. ಅಲ್ಲಿಯೂ ತಂಗಿಯರಿದ್ದರು. ಕೊಲಂಬೊಕ್ಕೆ ಬಾ ಎಂದು ಗಂಡ ಹೇಳಿ ಕಳಿಸಿದಾಗ ನಾನು ಹಾಕಿದ ಷರತ್ತು ಒಂದೇ: ಮಿಶನೂ ಬರಬೇಕು. ಅಲ್ಲಿ ಹೊಲಿದು ಇಲ್ಲಿ ಅಮ್ಮನಿಗೆ ಕಳಿಸಬೇಕು. ಇಲ್ಲದಿದ್ದರೆ ಅವಳು ಪುನಃ ಮಾವನ ಮುಂದೆ ಕೈ ಒಡ್ಡಬೇಕು.

ನಾನು ರೈಲಿನಲ್ಲಿ ಹೋಗಿ ಧನುಷ್ಕೋಟಿಯಲ್ಲಿ ಹಡಗು ಹತ್ತುವುದೆಂದಾಯಿತು. ಮಿಶನು, ಅರೆಯುವ ಕಲ್ಲು, ತಾಮ್ರದ ಹಂಡೆ, ಮರದ ಪೆಟ್ಟಿಗೆ ಇವೆಲ್ಲ ಕಡಲಿನ ದಾರಿಯಲ್ಲಿ ಹೋಗಬೇಕು. ಮಂಗಳೂರು ಬಂದರಿನಿಂದ ಕೊಲಂಬೊಕ್ಕೆ ಹೆಂಚು ಹೇರಿಕೊಂಡು ಮಂಜಿಗಳು ಹೋಗುತ್ತಿದ್ದವು. ಮಂಜಿ ಎಂದರೆ ಹಾಯಿ ಕಟ್ಟಿದ ದೊಡ್ಡ ದೋಣಿ. ಅದರಲ್ಲಿ ಜಾಗ ಹಿಡಿದು ಸಾಮಾನು ಮುಟ್ಟಿಸಲು ಬಂದರಿನಲ್ಲಿ ಏಜಂಟರಿದ್ದರು. ಗಂಡನ ದಣಿಗಳು ತಮ್ಮ ಸರಕನ್ನು ನೋಡಿಕೊಳ್ಳುವ ಏಜಂಟನಿಗೇ ಹೇಳಿ ಕಳಿಸಿದರು. ಸುಗ್ಗಿ ತಿಂಗಳ ಒಂದು ಬೆಳಿಗ್ಗೆ, ಮಳೆಗೆ ಇನ್ನೂ ಎರಡು ತಿಂಗಳಿರುವಾಗ, ಅವನು ನಮ್ಮ ಮನೆಗೆ ಬಂದ.

ಶುಭಕಾರ್ಯವೆಂದು ಮಾವ ಚಾವಡಿಯಲ್ಲಿ ದೀಪ ಹಚ್ಚಿಸಿದ್ದರು. ನಮ್ಮ ಮನೆಯ ಕ್ರಮ ಮೊದಲೇ ಹೇಳಿಬಿಡುತ್ತೇನೆ. ಅಕ್ಕಿ ಮುಗಿಯಿತು ಎನ್ನಬಾರದು, ತುಂಬಿತು ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಹೊರಡುವಾಗ ಹೋಗ್ತೇನೆ ಎನ್ನಬಾರದು, ಬರ್ತೇನೆ ಎನ್ನಬೇಕು. ದೀಪದ ಮುಂದಂತೂ ‘ಇಲ್ಲ’ ಎಂಬ ಮಾತೇ ಬರಕೂಡದು. ಇದು ಎಲ್ಲರ ಮನೆಯಲ್ಲೂ ಇದ್ದ ಪದ್ಧತಿಯೇ, ನಮ್ಮ ಮಾವನದು ಮಾತ್ರ ಅತಿ.

ಬಂದವನು ಕುಳ್ಳ, ಉಪ್ಪುಗಾಳಿಗೆ ಒಣಗಿದ ಮುಖದವನು. ಬೆಲ್ಲ ನೀರು ಕೊಟ್ಟರೆ ನೀರು ಕುಡಿದು ಬೆಲ್ಲ ಬಿಟ್ಟ. ಮಿಶನಿನ ಚಕ್ರ ತಿರುಗಿಸಿ ನೋಡಿದ. ಆಮೇಲೆ ದೀಪಕ್ಕೆ ಎದುರಾಗಿ ಕುಳಿತು ಕೇಳಿದ: “ಮಂಜಿ ಮುಳುಗಿದರೆ ಎಂತ ಮಾಡುವುದು ದಣಿಗಳೇ? ಅದನ್ನು ಮೊದಲು ಮಾತಾಡಿಕೊಳ್ಳುವ.”

ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ “ಶಿವ ಶಿವಾ” ಎಂದಳು. ಮಾವನ ಮುಖ ಕೆಂಪಾಯಿತು.

ಅವನಿಗೆ ಅದರ ಪರಿವೆಯೇ ಇಲ್ಲ. “ಪತ್ತನಾಜೆಯ ಒಳಗೆ ಸಾಮಾನು ಬಂದರಿಗೆ ಮುಟ್ಟಬೇಕು. ಆಮೇಲೆ ನನ್ನಿಂದ ಆಗುವುದಿಲ್ಲ. ಆಮೇಲೆ ಯಾರಾದರೂ ಆಗ್ತದೆ ಹೇಳಿದರೆ ಅವ ಸುಳ್ಳು ಹೇಳ್ತಾನೆ. ಕಬ್ಬಿಣಕ್ಕೆ ಗ್ರೀಸು ಮೆತ್ತಿ ಮೇಣದ ಬಟ್ಟೆ ಸುತ್ತಬೇಕು. ಕಲ್ಲು ಬೇರೆ ಕಟ್ಟಿ, ಮಿಶನಿನೊಟ್ಟಿಗೆ ಬೇಡ” ಎಂದ. ಪತ್ತನಾಜೆ ಎಂದರೆ ನಮ್ಮಲ್ಲಿ ಬೇಶ ತಿಂಗಳಿನ ಹತ್ತನೆಯ ದಿನ. ಅಲ್ಲಿಗೆ ಭೂತಕೋಲ, ಯಕ್ಷಗಾನದ ಆಟ, ಕೋಳಿಅಂಕ ಎಲ್ಲ ನಿಲ್ಲುತ್ತದೆ, ಮಳೆ ಬಾಗಿಲಿಗೆ ಬಂದಿರುತ್ತದೆ, ಕಡಲು ಕೆಡುತ್ತದೆ. ನನಗೆ ಅವನ ಮಾತು ಒಂದೊಂದೂ ಸರಿ ಕಂಡಿತು. ಕೆಟ್ಟದ್ದನ್ನು ಮೊದಲೇ ಯೋಚಿಸುವವನು ನನ್ನ ಮಿಶನನ್ನು ನೋಡಿಕೊಳ್ಳುತ್ತಾನೆ ಎಂದು ಧೈರ್ಯ ಬಂತು.

ಏಳುವಾಗ ಅವನು “ಸರಿ, ಹೋಗ್ತೇನೆ” ಎಂದು ಮೆಟ್ಟಿಲಿಳಿದ. ಅಲ್ಲಿಗೆ ಅವನ ಕತೆ ಮುಗಿಯಿತು.

“ಬಾಯಿಯಾ ಅದು? ದೀಪದ ಮುಂದೆ ಮುಳುಗುವ ಮಾತಾಡ್ತಾನೆ! ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಆ ಅಪಶಕುನದವನ ಕೈಯಲ್ಲಿ ಈ ಮನೆಯ ಒಂದು ಚಮಚವೂ ಹೋಗುವುದಿಲ್ಲ” ಎಂದರು ಮಾವ.

“ಮುಳುಗಿದರೆ ಎಂತ ಅಂತ ಕೇಳಿದ್ದಲ್ವಾ ಮಾವ, ಮುಳುಗಿಸ್ತೇನೆ ಹೇಳಿದ್ದಲ್ಲ” ಎಂದೆ ನಾನು.

“ನೀನು ಸುಮ್ಮನಿರು. ಕಡಲು ಕಂಡವರ ಹಾಗೆ ಮಾತಾಡಬೇಡ.”

ಕಡಲು ನಮ್ಮ ಮನೆಗೆ ಕೇಳಿಸುತ್ತಿತ್ತು. ಅದರ ಮೇಲೆ ಹೋಗಿ ಬಂದವನ ಮಾತನ್ನು ಮನೆಯಿಂದ ಅಟ್ಟಿದ್ದು ಯಾರು? ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಮ್ಮ ಮಾವನಿಗಾಗಿಯೇ ಹುಟ್ಟಿದ ಗಾದೆ ಅದು.

ಎರಡನೆಯವನನ್ನು ಮಾವನೇ ಹುಡುಕಿ ತಂದರು. ಹೆಂಡತಿಯ ಕಡೆಯಿಂದ ಹೇಗೋ ಸಂಬಂಧವಂತೆ. ಬಿಳೀ ಜುಬ್ಬ, ಹೆಗಲಿಗೆ ಶಾಲು, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಬೆಲ್ಲವನ್ನೂ ತಿಂದ, ಅಮ್ಮ ಎಲೆಯಲ್ಲಿ ಸುತ್ತಿ ಬೇಯಿಸಿದ ಹಲಸಿನಹಣ್ಣಿನ ಗಟ್ಟಿಯನ್ನೂ ತಿಂದ, ಇಂಥ ಗಟ್ಟಿ ತಿನ್ನದೆ ಎಷ್ಟು ಕಾಲವಾಯಿತು ಎಂದು ಇನ್ನೊಂದು ಹಾಕಿಸಿಕೊಂಡ. “ನಿಮ್ಮ ಮನೆಯ ಸಾಮಾನು ಅಂದರೆ ನಮ್ಮ ಮನೆಯ ಸಾಮಾನು ದಣಿಗಳೇ” ಎಂದ. ಮಿಶನಿನ ಹತ್ತಿರವೂ ಹೋಗಲಿಲ್ಲ. ಮಾವ ಕೇಳಿದ್ದಕ್ಕೆಲ್ಲ “ಆಗ್ತದೆ”. ಜೋಯಿಸರಲ್ಲಿ ಕೇಳಿ ಒಳ್ಳೆಯ ದಿನ ನೋಡಬೇಕು ಎಂದಾಗ “ನಿಮ್ಮ ಮುಹೂರ್ತವೇ ನಮ್ಮ ಮುಹೂರ್ತ.”

ನಾನು ಬಾಗಿಲ ಹಿಂದಿನಿಂದಲೇ ಕೇಳಿದೆ: “ಪತ್ತನಾಜೆ ಕಳೆದರೆ ಮಂಜಿ ಹೋಗ್ತದಾ?”

“ಅದೆಲ್ಲ ಅವರವರ ಧೈರ್ಯ ತಂಗಿ” ಎಂದು ನಕ್ಕ. ಮಾವನೂ ನಕ್ಕರು. ಇಬ್ಬರು ಗಂಡಸರು ನನ್ನ ಮಿಶನಿನ ಮೇಲೆ ನಕ್ಕ ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಜೋಯಿಸರು ಕೊಟ್ಟ ದಿನ ಪತ್ತನಾಜೆಯ ಆಚೆಗೆ ಬಿತ್ತು. ಇನ್ನೊಂದು ದಿನ ಕೇಳಿ ಎಂದು ನಾನು ಅತ್ತುಬಿಟ್ಟೆ. ಜೋಯಿಸರಿಗೆ ಎದುರು ಮಾತಾಡುವುದುಂಟೆ ಎಂದರು ಮಾವ. ಗ್ರೀಸು ತರಿಸಿ ಎಂದೆ. “ಏಜಂಟನೇ ಬೇಡ ಹೇಳಿದ್ದಾನೆ. ಮಳೆಯನ್ನು ನಾವೇ ಕರೆಯುವುದಾ?” ಎಂದರು. ಮನೆಯಲ್ಲಿದ್ದ ಮಿಶನಿನ ಎಣ್ಣೆಯನ್ನೆಲ್ಲ ಅದರ ಸಂದು ಸಂದಿಗೆ ಸುರಿದು, ನನ್ನ ಹಳೆಯ ಸೀರೆ ಸುತ್ತಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ನಾನೂ ಅಮ್ಮನೂ ಇಳಿಸಿದೆವು. ಅಮ್ಮ ಪೆಟ್ಟಿಗೆಯ ಮುಚ್ಚಳ ಮುಚ್ಚಿ ಹಗ್ಗ ಬಿಗಿದಳು. ಗಾಡಿ ಕುಂಬಳೆ ಸ್ಟೇಶನಿಗೆ ಹೋಯಿತು. ಅಲ್ಲಿಂದ ಗೂಡ್ಸಿನಲ್ಲಿ ಮಂಗಳೂರಿಗೆ. ಗಾಡಿ ತಿರುಗುವಾಗಲೇ ಮೊದಲ ಹನಿ ಬಿತ್ತು. ಮಾವ ಅದನ್ನೂ ಶುಭವೆಂದರು.

ನಾನು ಕೊಲಂಬೊ ತಲುಪಿದೆ. ಸಾಮಾನು ಬರಲಿಲ್ಲ. ಯಾವ ಮಂಜಿಯೂ ಬರಲಿಲ್ಲ, ಆ ಕಾಲದಲ್ಲಿ ಬರುವುದೂ ಇಲ್ಲವೆಂದು ಅಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಮಳೆಗಾಲವಿಡೀ ನಾನು ಕಾಲಿಗೆ ಕೆಲಸವಿಲ್ಲದೆ ಕುಳಿತೆ. ಅಮ್ಮನಿಗೆ ಕಳಿಸಲು ನನ್ನಲ್ಲಿ ಏನೂ ಇರಲಿಲ್ಲ. ಸೋಣ ತಿಂಗಳು ಕಳೆದು ಕಡಲು ತೆರೆದ ಮೇಲೆ ಬಂದ ಮೊದಲ ಮಂಜಿಯಲ್ಲಿ ನನ್ನ ಪೆಟ್ಟಿಗೆ ಬಂತು. ತಂದ ಮಂಜಿಯವರು ಹೇಳಿದರು, ಅದು ಇಷ್ಟು ದಿನ ಮಂಗಳೂರಿನ ಹೊಳೆಬದಿಯಲ್ಲಿ ತೆಂಗಿನ ಮಡಲು ಹೊದೆಸಿದ ಕೊಟ್ಟಿಗೆಯಲ್ಲಿ ಹೆಂಚಿನ ರಾಶಿಯ ನಡುವೆ ಬಿದ್ದಿತ್ತು ಎಂದು. ನಮ್ಮ ಮಳೆಗೆ ಮಡಲು ಎಷ್ಟು ಲೆಕ್ಕ?

ಪೆಟ್ಟಿಗೆ ತೆರೆದಾಗ ಕೊಳೆತ ಹುಲ್ಲಿನ ವಾಸನೆ. ಸೀರೆ ಕೈಗೆ ಬಂದದ್ದು ಚೂರು ಚೂರಾಗಿ. ಹೂಬಳ್ಳಿ ಹೋಗಿತ್ತು. ನನ್ನ ಗಂಡ ಚಕ್ರಕ್ಕೆ ಕೈ ಹಾಕಿದರು, ಅದು ಅಲುಗಲಿಲ್ಲ. ಸೀಮೆಎಣ್ಣೆ ಸುರಿದು ವಾರಗಟ್ಟಲೆ ಇಟ್ಟೆವು. ರಿಪೇರಿಯವನು ಬಂದು ಒಳಗಿನ ದಂಡವೇ ತುಕ್ಕು ಹಿಡಿದು ಸವೆದುಹೋಗಿದೆ, ಬಿಡಿ ಎಂದ. ನಾನು ಅಳಲಿಲ್ಲ. ಹಿತ್ತಿಲಿಗೆ ಹೋಗಿ ಮಾವನಿಗೂ ಆ ಜುಬ್ಬದವನಿಗೂ ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಗಟ್ಟಿಯಾಗಿ, ಪಕ್ಕದ ಮನೆಯವರು ಇಣುಕುವಷ್ಟು. ತುಳುವಿನಲ್ಲಿ ಬೈದದ್ದರಿಂದ ಅವರಿಗೆ ಅರ್ಥವಾಗಲಿಲ್ಲ.

ಆಮೇಲೆ ಒಬ್ಬ ದರ್ಜಿಯ ಅಂಗಡಿಯಿಂದ ಬಟ್ಟೆ ತಂದು ಕೈಹೊಲಿಗೆಯಲ್ಲಿ ಗುಂಡಿ ಹಚ್ಚುವ, ಅಂಚು ಮಡಿಸುವ ಕೆಲಸ ಹಿಡಿದೆ. ಅದರಲ್ಲಿ ಉಳಿಯುವುದು ಎಷ್ಟು? ಆಗೊಮ್ಮೆ ಈಗೊಮ್ಮೆ ಅಮ್ಮನಿಗೆ ಕಳಿಸಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಎರಡು ವರ್ಷದ ಮೇಲೆ, ಹೇಗೋ ಹಳೆಯದೊಂದು ಮಿಶನು ಕೈಗೆ ಬಂದ ಮೇಲೆ, ಊರಿಗೆ ಬಂದೆ.

ಅಮ್ಮ ಅರ್ಧವಾಗಿದ್ದಳು. ಭುಜದ ಎಲುಬು ರವಕೆಯ ಮೇಲಿಂದಲೇ ಕಾಣುತ್ತಿತ್ತು.

“ಮದ್ದು ತಗೊಳ್ತಿಯಾ ಅಮ್ಮ?”

“ಎಲ್ಲ ಉಂಟು ಮಗಾ. ಎಂತ ಕೊರತೆ?”

“ಎಲೆ ಅಡಿಕೆ?”

“ತುಂಬಿ ಉಂಟು.”

ನಾನು ಅವಳ ಎಲೆಯ ಡಬ್ಬಿಯನ್ನು ತೆರೆದೆ. ಒಂದು ಚೂರು ಹೊಗೆಸೊಪ್ಪಿನ ದಂಟು ಬಿಟ್ಟರೆ ಬರಿದು. ಅಮ್ಮ ಡಬ್ಬಿಯನ್ನು ಕೈಯಿಂದ ತೆಗೆದುಕೊಂಡು ಸೆರಗಿನಡಿ ಇಟ್ಟುಕೊಂಡಳು. ನಾನಿಲ್ಲದ ಕಾಲವಿಡೀ ಅವಳು ಯಾರಿಗೂ ‘ಇಲ್ಲ’ ಎಂದು ಹೇಳಿರಲಿಲ್ಲ. ಮನೆಯಲ್ಲಿ ಆ ಮಾತು ಆಡಬಾರದಲ್ಲ! ಕೇಳಿದವರಿಗೆಲ್ಲ ತುಂಬಿದೆ ಎಂದು ಹೇಳಿ ಹೇಳಿ ಹಸಿದಿದ್ದಳು. ಅಣ್ಣನೆಂಬವನಿಗೆ ಅದು ಬಹಳ ಅನುಕೂಲದ ಪದ್ಧತಿ. ಇಲ್ಲ ಎಂದು ಯಾರೂ ಹೇಳದಿದ್ದರೆ ಕೊಡಬೇಕಾದ ಅಗತ್ಯವೂ ಇಲ್ಲ.

ಚಾವಡಿಗೆ ಹೋಗಿ ಮಾವನ ಎದುರು ನಿಂತು ಮಿಶನಿನ ಗತಿ ಏನಾಯಿತೆಂದು ಹೇಳಿದೆ. ಅವರು ಎಲೆ ಅಗಿಯುತ್ತಾ ಕೇಳಿಸಿಕೊಂಡರು.

“ಮುಳುಗಲಿಲ್ಲವಲ್ಲ?” ಎಂದರು. “ಅವ ಮುಳುಗುವ ಮಾತಾಡಿದ್ದ. ನಾನು ಆರಿಸಿದವನ ಕೈಯಲ್ಲಿ ಹೋದದ್ದು ಮುಟ್ಟಿತು. ನೋಡು ಈಗ.”

ಮುಟ್ಟಿತಂತೆ! ಇಂಥ ಮಾತಿಗೆ ಉತ್ತರ ಕೊಟ್ಟರೆ ನಾಲಗೆಗೆ ಅವಮಾನ. “ಅಮ್ಮನನ್ನು ನನ್ನೊಟ್ಟಿಗೆ ಕರಕೊಂಡು ಹೋಗ್ತೇನೆ” ಎಂದೆ. ಗಂಡನ ಒಪ್ಪಿಗೆಯನ್ನು ನಾನು ಹೊರಡುವಾಗಲೇ ಪಡೆದಿದ್ದೆ. ತಾಯಿಯ ಮನೆ ಬಿಟ್ಟು ಅಳಿಯನ ಮನೆಯಲ್ಲಿ ಕೂರುವವರುಂಟೇ, ಕುಟುಂಬದ ಮಾನ ಎಲ್ಲಿಗೆ ಹೋಯಿತು ಎಂದು ಮಾವ ಕೂಗಾಡಿದರು. ಕುಟುಂಬದ ಮಾನ ಆ ಡಬ್ಬಿಯಲ್ಲಿ ಉಂಟು, ಹೋಗಿ ನೋಡಿ ಎಂದೆ.

ಈ ಸಲ ಏಜಂಟನನ್ನು ಆರಿಸಿದ್ದು ನಾನು. ನಾನೇ ಮಂಗಳೂರಿಗೆ ಹೋಗಿ ಬಂದರಿನಲ್ಲಿ ಆ ಮೊದಲಿನ ಕುಳ್ಳನನ್ನು ಹುಡುಕಿದೆ. ಹಗ್ಗದ ಸುರುಳಿಯ ಮೇಲೆ ಕುಳಿತಿದ್ದ, ಅವನಿಗೆ ನನ್ನ ಗುರುತು ಸಿಗಲಿಲ್ಲ. ಅಮ್ಮನ ಮರದ ಪೆಟ್ಟಿಗೆ, ಅವಳ ಪಾತ್ರೆ, ಅವಳು ಬಿಡಲೊಲ್ಲದ ಒಂದು ಒನಕೆ ಕೊಲಂಬೊಕ್ಕೆ ಮುಟ್ಟಬೇಕು ಎಂದೆ. ಅವನು ಬಾಯಿ ತೆರೆಯುವ ಮುಂಚೆ ನಾನೇ ಕೇಳಿದೆ: “ಮಂಜಿ ಮುಳುಗಿದರೆ ಎಂತ ಮಾಡುವುದು?”

ಅವನು ನನ್ನನ್ನು ದಿಟ್ಟಿಸಿ ನೋಡಿದ. “ಓ, ಕುಂಬಳೆಯ ದಣಿಗಳ ಮನೆಯವರಾ? ಆ ಮಿಶನು ಎಂತ ಆಯ್ತು ಅಕ್ಕ?” ಎಂದು ಕೇಳಿದ. ಹೇಳಿದೆ. ಅವನು ತಲೆ ಅಲ್ಲಾಡಿಸಿ, ನೆಲಕ್ಕೆ ಉಗುಳಿ, “ಕೂತುಕೊಳ್ಳಿ, ಮಾತಾಡುವ” ಎಂದು ಜಾಗ ಕೊಟ್ಟ. ಮುಳುಗಿದರೆ ಏನು, ಒದ್ದೆಯಾದರೆ ಏನು, ತಡವಾದರೆ ಏನು, ಎಲ್ಲ ಅಪಶಕುನಗಳನ್ನೂ ಒಂದೊಂದಾಗಿ ಮಾತಾಡಿದೆವು. ಅಷ್ಟು ನೆಮ್ಮದಿಯ ಮಾತು ನಾನು ಆ ಊರಿನಲ್ಲಿ ಆಡಿದ್ದೇ ಇಲ್ಲ.

ಹೊರಡುವ ದಿನ ಮಾವ ಚಾವಡಿಯಿಂದ ಇಳಿಯಲಿಲ್ಲ. ಆದರೆ ಪದ್ಧತಿ ಬಿಡುವವರಲ್ಲ, ದೀಪ ಹಚ್ಚಿಸಿದ್ದರು. ಅಮ್ಮ ನಮಸ್ಕರಿಸಿ ಎದ್ದು, ಅಣ್ಣನ ಮುಖ ನೋಡಿ, ಅಭ್ಯಾಸದಂತೆ “ಬರ್ತೇ...” ಎಂದು ಬಾಯಿ ತೆರೆದಳು.

“ನಾವು ಹೋಗ್ತೇವೆ” ಎಂದೆ ನಾನು, ದೀಪಕ್ಕೆ ಕೇಳುವ ಹಾಗೆ.

ಮಾವನ ಕೈಯ ಎಲೆ ಕೈಯಲ್ಲೇ ಉಳಿಯಿತು. ಅಮ್ಮ ನನ್ನನ್ನು ನೋಡಿದಳು, ಅಣ್ಣನನ್ನು ನೋಡಿದಳು. ಬರಿದಾದ ಡಬ್ಬಿ ಅವಳ ಸೊಂಟದಲ್ಲೇ ಇತ್ತು. “ಹೌದು ಅಣ್ಣ, ಹೋಗ್ತೇವೆ” ಎಂದು ಮೆಟ್ಟಿಲಿಳಿದಳು.

ಅಮ್ಮ ಮತ್ತೆ ಆ ಮನೆಗೆ ಬರಲಿಲ್ಲ, ಕೊಲಂಬೊದಲ್ಲೇ ತೀರಿಕೊಂಡಳು. ನನ್ನ ಬಾಯಿಯ ದೋಷದಿಂದ ಹಾಗಾಯಿತು ಎಂದು ಊರಿನಲ್ಲಿ ಈಗಲೂ ಹೇಳುವವರಿದ್ದಾರೆ. ಸಾಯುವ ಮುಂಚೆ ಹಲವು ವರ್ಷ ಅವಳು ಹೊಟ್ಟೆ ತುಂಬ ಉಂಡಳು, ಮದ್ದು ಮುಗಿದ ದಿನ “ಮುಗಿಯಿತು ಮಗಾ, ತಾ” ಎಂದು ಗಟ್ಟಿಯಾಗಿ ಕೇಳಿದಳು. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.