ಬೋಟಿನಲ್ಲಿ ಕೂಗುವ ಕೆಲಸ

ನನ್ನ ದನಿ ದೊಡ್ಡದು. ಅದಕ್ಕೆ ನಾನೇನು ಮಾಡಲಿ? ಅಂಕಲಿ ಊರಿಗೆ ಸೊಸೆಯಾಗಿ ಬಂದ ದಿನದಿಂದ ಅತ್ತೆಯದು ಒಂದೇ ಮಾತು: "ಮೆಲ್ಲಕ ಮಾತಾಡ ಬೇ, ಒದರಬ್ಯಾಡ, ಊರ ಮಂದಿ ಕಿವಿ ಕಿತ್ತ ಹೋಗ್ತಾವ." ಹೊಲಿಗೆ ಮಷೀನಿನ ಸದ್ದಿನ ನಡುವೆ ಗಿರಾಕಿಗಳ ಜೊತೆ ಮಾತಾಡೀ ಮಾತಾಡೀ ಅದು ಇನ್ನಷ್ಟು ಬೆಳೆಯಿತು. ಕೃಷ್ಣೆ ಉಕ್ಕಿ ಬಂದ ವರ್ಷ ಅದೇ ದನಿಗೆ ಒಂದು ಕೆಲಸ ಸಿಕ್ಕಿತು.

ಆ ಮಳೆಗಾಲ ನೀರು ಹೊಲಗಳಿಗೆ ನುಗ್ಗಿ, ಒಂದೊಂದು ತೋಟದ ಮನೆಯೂ ನಡುಗಡ್ಡೆಯಾಯಿತು. ದನ ಬಿಟ್ಟು ಬರಲೊಲ್ಲದವರು ಅಲ್ಲೇ ಉಳಿದರು. ಅವರಿಗೆ ಔಷಧ ಮುಟ್ಟಿಸಲು ಕೆಲವು ಡಾಕ್ಟರುಗಳು ಸೇರಿ ಒಂದು ಬೋಟು ತಂದಿದ್ದರು. ದಾರಿ ತೋರಿಸಲು ಊರಿನವರು ಯಾರಾದರೂ ಬೇಕು ಅಂದರು. ಗಂಡಸರು ಮುಖ ಮುಖ ನೋಡುತ್ತ ನಿಂತಾಗ ನಾನೇ ಮುಂದೆ ಹೋದೆ. ತೋಟದ ಮನೆಗಳ ಹೆಣ್ಣುಮಕ್ಕಳ ಕುಪ್ಪಸದ ಅಳತೆಯೆಲ್ಲ ನನಗೆ ಬಾಯಿಪಾಠ, ಅವರ ಮನೆ ಗೊತ್ತಿರುವುದಿಲ್ಲವೇ?

ಮನೆ ಗೊತ್ತಿತ್ತು, ಆದರೆ ದಾರಿಯೇ ಇರಲಿಲ್ಲ. ಕಬ್ಬಿನ ಸುಳಿಗಳು ಮಾತ್ರ ನೀರಿನ ಮೇಲೆ ಎದ್ದು ನಿಂತಿದ್ದವು, ಅವುಗಳ ಹಿಂದೆ ಮನೆ ಎಲ್ಲಿದೆಯೋ ಕಾಣುತ್ತಿರಲಿಲ್ಲ. ಇಂಜಿನ್ನಿನ ಫ್ಯಾನಿಗೆ ಕಬ್ಬಿನ ಒಣ ಗರಿ, ರವದಿ, ಸುತ್ತಿಕೊಳ್ಳುತ್ತಿತ್ತು. ಕರೆಂಟಿಲ್ಲದೆ ತೋಟದವರ ಮೊಬೈಲುಗಳು ಸತ್ತುಹೋಗಿದ್ದವು. ಆಗ ಇಂಜಿನ್ ಬಂದ್ ಮಾಡಿಸಿ ನಾನು ಎದ್ದು ನಿಂತು ಕೂಗಿದೆ: "ಯಾರರೆ ಅದೀರೇನ್ರೀ? ತಾಟು ಬಡೀರೀ!" ಎಲ್ಲಿಂದಲೋ ಊಟದ ತಟ್ಟೆ ಬಡಿದ ಟಣ್ ಟಣ್ ಸದ್ದು ಬಂತು. ಅದರ ಜಾಡು ಹಿಡಿದು ಬೋಟು ಹೋಯಿತು. ಅವತ್ತಿನಿಂದ ಅದೇ ನಮ್ಮ ಪದ್ಧತಿಯಾಯಿತು. "ಅಕ್ಕಾರ, ನೀವು ಇಲ್ಲಂದ್ರ ನಮ್ಮ ಔಷಧ ಬೋಟಿನ್ಯಾಗ ಉಳೀತಿದ್ವು ನೋಡ್ರಿ," ಅಂದಳು ಡಾಕ್ಟರ್ ಹುಡುಗಿ, ನಿಪ್ಪಾಣಿಯವಳು. ನಾನು ಉಬ್ಬಿಹೋದೆ. ಯಾಕೆ ಉಬ್ಬಬಾರದು?

ಒಂದು ಸಂಜೆ ಟ್ರ್ಯಾಕ್ಟರಿನ ಟ್ಯೂಬು ಹಿಡಿದು ಈಜುತ್ತ ಒಬ್ಬ ದಡಕ್ಕೆ ಬಂದ. ಮೇವು ಇಳಿಸಲು ಬಣವೆ ಹತ್ತಿದ ಹೆಂಡತಿಗೆ ಹಾವು ಕಚ್ಚಿತ್ತು. ಅವಳು ನನ್ನ ಗಿರಾಕಿ, ನಗುಮುಖದ ಹುಡುಗಿ. ಡಾಕ್ಟರ್ ಹುಡುಗಿ, ನಾನು ಅವನನ್ನು ಹತ್ತಿಸಿಕೊಂಡು ಹೊರಟೆವು. ಕಬ್ಬಿನೊಳಗೆ ಹೊಕ್ಕ ಮೇಲೆ ಅವನಿಗೇ ಅವನ ತೋಟ ಸಿಗಲೊಲ್ಲದು. "ಇಲ್ಲೇ ಬೇವಿನ ಗಿಡಾ ಇತ್ತರಿ," ಎಂದು ಅಳತೊಡಗಿದ. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು, ಕೂಗಲು ಅವನ ದನಿಯೇ ಏಳುತ್ತಿರಲಿಲ್ಲ.

ಹೊತ್ತು ಮುಳುಗುತ್ತಿತ್ತು. ಬೋಟು ನಡೆಸುವ ಕಾಕಾ ಅಂದ: "ಕತ್ತಲಾದ್ರ ನಾವೂ ಸಿಗಾಂಗಿಲ್ರಿ. ಹಿಂದಕ್ಕ ಹೊಳ್ಳೂಣು."

ನನಗೆ ಎಲ್ಲಿತ್ತೋ ಸಿಟ್ಟು! "ಹೊಳ್ಳೂದೇನ ಹೊಳ್ಳೂದು? ಇಂಜಿನ್ ಬಂದ್ ಮಾಡ್ರಿ ಕಾಕಾ, ಗಪ್ ಕುಂದರ್ರಿ!"

ಕೂಗಿದೆ. "ತಂಗೀ... ನಿನ್ನ ಗಂಡಾ ಬಂದಾನ... ತಾಟು ಬಡೀರೀ..." ಏನೂ ಇಲ್ಲ. ಮತ್ತೆ ಕೂಗಿದೆ, ಮತ್ತೆ ಮತ್ತೆ ಕೂಗಿದೆ. ಗಂಟಲಿಗೆ ಮೆಣಸಿನಕಾಯಿ ತಿಕ್ಕಿದ ಹಾಗೆ ಉರಿಯಿತು. ಕೊನೆಗೆ ಎಡಕ್ಕೆ, ಆ ಕಡೆ ಬರೀ ಬಾವಿಯಿದೆ ಅಂತ ಅವಳ ಗಂಡ ಆಣೆ ಮಾಡಿ ಹೇಳಿದ್ದ ದಿಕ್ಕಿನಿಂದ, ಟಣ್ ಅಂತು.

ಹುಡುಗಿಯ ಮಾವ ಮಾಳಿಗೆಯ ಮೇಲೆ ಕೂತು ತಾಟು ಬಡಿಯುತ್ತಿದ್ದ. ಅವಳ ರೆಪ್ಪೆಗಳು ಆಗಲೇ ಮುಚ್ಚಿಕೊಳ್ಳುತ್ತಿದ್ದವು. ಬೋಟಿನಲ್ಲೇ ಡಾಕ್ಟರ್ ಸಲೈನ್ ಹಚ್ಚಿ ವಿಷಕ್ಕೆ ಇಂಜೆಕ್ಷನ್ ಶುರುಮಾಡಿದಳು. ನಾನು ಬಾಟಲಿಯನ್ನು ಮೇಲಕ್ಕೆ ಹಿಡಿದು ನಿಂತೆ. ದಡದಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಉಸಿರೇ ನಿಲ್ಲುತ್ತಿತ್ತಂತೆ. ಅವಳು ಉಳಿದಳು, ದೀಪಾವಳಿಗೆ ಬಂದು ಕುಪ್ಪಸಕ್ಕೆ ಅಳತೆ ಕೊಟ್ಟು ಹೋದಳು. ಅವಳ ತೋಳಿಗೆ ಟೇಪು ಸುತ್ತುವಾಗ ನನಗೆ ಆದ ಹೆಮ್ಮೆ ಯಾವ ಸನ್ಮಾನಕ್ಕಿಂತಲೂ ಕಡಿಮೆಯಲ್ಲ.

ಆದರೆ ಆ ಸಂಜೆಯ ಮಾತು ಮುಗಿದಿಲ್ಲ. ಆಂಬುಲೆನ್ಸ್ ಹೋದ ಮೇಲೆ ನೋಡಿದರೆ, ದಡದಲ್ಲಿ ಅತ್ತೆ ನಿಂತಿದ್ದರು. ಕೊಡೆಯಿದ್ದೂ ಪೂರ್ತಿ ತೊಯ್ದಿದ್ದರು. ಬೋಟು ಬಿಟ್ಟಾಗಿನಿಂದ ಅಲ್ಲಿಂದ ಕದಲಿರಲಿಲ್ಲ.

"ನಿನ್ನ ದನಿ ಕೇಳೂತನಕಾ ನನಗ ಧೈರ್ಯ ಇತ್ತ," ಅಂದರು. "ಆಮ್ಯಾಲ ಬಂದ್ ಆತು. ನನ್ನ ಸೊಸಿ ಹ್ವಾದ್ಳು ಅಂದ್ಕೊಂಡ್ನಿ."

ಏನೂ ಆಗಿಲ್ಲ ಅತ್ತಿ ಅನ್ನಲು ಬಾಯಿ ತೆರೆದೆ. ಬರೀ ಗಾಳಿ ಬಂತು, ದನಿ ಪೂರ್ತಿ ಹೋಗಿತ್ತು. ಅತ್ತೆ ಗಾಬರಿಯಾಗಿ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದರು.

"ಗಪ್ ಯಾಕ ನಿಂತಿ? ಒದರ ಬೇ, ಒಂದ್ಸಲ ಒದರ!"