ರಾಚಮ್ಮ ಕೇಳಿದ ಬಲಗೈ

ರಾಚಮ್ಮ ಮನುಷ್ಯರಿಗಿಂತ ಅವರ ನರಗಳ ಜೊತೆಗೇ ಹೆಚ್ಚು ಮಾತಾಡುತ್ತಿದ್ದರು. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮೊಣಕೈಯ ಒಳಮಡಿಕೆಯನ್ನು ಎರಡು ಬೆರಳಿನಿಂದ ತಟ್ಟಿ, ಮುಖ ಹತ್ತಿರ ತಂದು, "ಬಾರವ್ವ ಈಚ್ಗ, ನಾಚ್ಕಬ್ಯಾಡ. ಒಂದೇ ಒಂದು ಗುಟುಕು ಕಣ, ಕೊಟ್ಬುಟ್ಟು ಒಳಕ್ಕ ಓಗು" ಎನ್ನುವರು. ಆ ಮಾತು ನಮಗಲ್ಲ, ಒಳಗೆ ಅಡಗಿ ಕೂತ ನರಕ್ಕೆ. ನಾವು ನಗುವಷ್ಟರಲ್ಲಿ ರಕ್ತ ಸೀಸೆಗೆ ಬಂದಿರುತ್ತಿತ್ತು.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೆ ಅಂಟಿಕೊಂಡ ಒಂದೇ ಕೋಣೆಯ ಲ್ಯಾಬು. ರಕ್ತ ತೆಗೆಯುವುದು ರಾಚಮ್ಮನವರ ಕೆಲಸ. ದೊಡ್ಡ ಪರೀಕ್ಷೆಗಳೆಲ್ಲ ಮೈಸೂರಿಗೆ ಹೋಗಿ ಮಾರನೆಯ ದಿನ ಚೀಟಿ ಬರುವುದು. ಹಣೆಗೆ ಮೂರೆಳೆ ವಿಭೂತಿ, ಸೀರೆಯ ಮೇಲೆ ಮಾಸಲು ಬಿಳಿ ಕೋಟು. ಸೋಮವಾರ ಮಾದಪ್ಪನ ಒಪ್ಪತ್ತು. ಅಂದು ಯಾರಾದರೂ, ಬೆಳಿಗ್ಗೆಯಿಂದ ಬರೀ ಹೊಟ್ಟೇಲಿ ಬಂದಿದ್ದೀನಿ ಎಂದು ಗೊಣಗಿದರೆ, "ನಾನೂ ಅಸ್ಕಂಡೇ ಇವ್ನಿ ಬುಡವ್ವ. ನಿಂಗ ಪುಣ್ಯ ಇಲ್ಲ, ನಂಗ ಅದ, ಅಷ್ಟೇಯ" ಎನ್ನುವರು.

ನಾನು ಅವರ ಎದುರು ಹೋಗಿ ಕೂತದ್ದು ಮುಟ್ಟು ನಿಂತು ಎರಡು ವರ್ಷವಾದ ಮೇಲೆ. ಆ ಎರಡು ವರ್ಷ ನನ್ನ ಮೈಯೇ ನನಗೆ ಒಲೆಯಾಗಿತ್ತು. ಎದೆಯಿಂದ ಬಿಸಿ ಎದ್ದು ಕಿವಿಯವರೆಗೆ ಹಬ್ಬುವುದು, ಕ್ಷಣದಲ್ಲಿ ರವಿಕೆ ತೊಯ್ಯುವುದು. ನಿದ್ದೆಯಿಲ್ಲ. ಅರಣ್ಯ ಇಲಾಖೆಯಲ್ಲಿರುವ ನಮ್ಮ ಯಜಮಾನರು ಫ್ಯಾನಿನ ಚಳಿಗೆ ಕಂಬಳಿ ಹೊದ್ದು ಮಲಗುವರು; ಅವರು ಕಂಬಳಿ ಎಳೆದುಕೊಂಡ ಸದ್ದಿಗೂ ನನಗೆ ಸಿಟ್ಟು. ಎಲ್ಲಕ್ಕಿಂತ ನೋವಾದದ್ದು, ಶನಿವಾರ ಗೋಪಾಲಸ್ವಾಮಿಯ ಪಟದ ಮುಂದೆ ತುಪ್ಪದ ದೀಪ ಹಚ್ಚಿ ನಿಲ್ಲಲಾಗದೆ ಮಂಗಳಾರತಿ ಅರ್ಧಕ್ಕೇ ಬಿಟ್ಟು ಹಿತ್ತಲಿಗೆ ಓಡಬೇಕಾದದ್ದು. ಅತ್ತೆಯಿಂದ ನನಗೆ ಬಂದ ಸೇವೆ ಅದು, ಒಂದು ವಾರವೂ ತಪ್ಪಿಸಿದವಳಲ್ಲ.

ಚಾಮರಾಜನಗರದ ಡಾಕ್ಟರಮ್ಮ ಎಲ್ಲ ಕೇಳಿ, ಬಿಪಿ ನೋಡಿ, ಸ್ಕ್ಯಾನ್ ಮಾಡಿಸಿ, ಮನೆಯಲ್ಲಿ ಯಾರಿಗಾದರೂ ಸ್ತನದ ಗಂಟು ಇತ್ತೇ ಎಂದು ವಿಚಾರಿಸಿ, ಕೊನೆಗೆ ಹಾರ್ಮೋನು ಕೊಟ್ಟರು. ಮಲಗುವ ಮುಂಚೆ ಒಂದು ಮಾತ್ರೆ. ಬೆಳಿಗ್ಗೆ ಸ್ನಾನದ ಮೇಲೆ ತೋಳಿಗೆ ಹಚ್ಚಿಕೊಳ್ಳಲು ನೀರಿನಂಥ ಒಂದು ಜೆಲ್. ಎರಡು ತಿಂಗಳಲ್ಲಿ ದೀಪದ ಮುಂದೆ ನಿಂತರೆ ದೀಪದ ಬಿಸಿ ಮಾತ್ರ ತಾಗುವ ಹಾಗಾಯಿತು. ಆದರೂ ಒಮ್ಮೊಮ್ಮೆ ಬೆವರು ಬರುತ್ತದೆ ಎಂದದ್ದಕ್ಕೆ, ಔಷಧಿ ಚರ್ಮದೊಳಗೆ ಇಳಿಯುತ್ತಿದೆಯೋ ಇಲ್ಲವೋ ನೋಡೋಣ ಎಂದು ರಕ್ತಪರೀಕ್ಷೆ ಬರೆದರು.

ಹಾಗೆ ಹೋದವಳು ರಾಚಮ್ಮನ ಮುಂದೆ ಎಡಗೈ ಚಾಚಿದೆ.

"ಬಲಗೈ ಕೊಡವ್ವ, ಅದ್ರಲ್ಲಿ ನರ ಚೆಂದಾಗಿ ಕಾಣ್ತದ."

"ಬೇಡಿ. ಅದು ಪೂಜೆ ಕೈ. ಸೂಜಿಗೆ ಯಾವತ್ತೂ ಎಡಗೈನೇ ಕೊಡೋದು ನಾನು."

"ಸರಿ ಬುಡು. ದ್ಯಾವ್ರಿಗ ಒಂದು, ರಾಚವ್ವಂಗ ಒಂದು" ಎಂದು ನಕ್ಕು, ಎಡಗೈಯ ನರವನ್ನೇ ಪುಸಲಾಯಿಸಿ ಕರೆದರು.

ಮಾರನೆಯ ದಿನ ಚೀಟಿ ಬಂತು. ಹಾರ್ಮೋನು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎನ್ನುವ ಅಂಕಿ, ಪಕ್ಕದಲ್ಲಿ ದಪ್ಪ ಗುರುತು. ಬಂಡೀಪುರದ ಕಾಡಿನಲ್ಲಿ ಆನೆಯ ಎದುರು ನಿಂತು ಬಂದಿರುವ ನಮ್ಮ ಯಜಮಾನರು ಆ ಅಂಕಿಯ ಎದುರು ಹೆದರಿಬಿಟ್ಟರು. ಕನ್ನಡಕ ಹಾಕಿ ಓದಿದರು, ತೆಗೆದು ಓದಿದರು. "ಇಷ್ಟೊಂದು ಮೈಯೊಳಗೆ ಇಟ್ಕೊಂಡು ಏನಾದ್ರೂ ಆದ್ರೆ? ನಿಲ್ಲಿಸ್ಬುಡು ಕಣೆ" ಎಂದರು. ನನಗೂ ಮನಸ್ಸಿನಲ್ಲಿ ಬೇಡದ್ದೇ ಓಡಿತು. ಡಾಕ್ಟರಮ್ಮನನ್ನೂ ಕೇಳದೆ ಜೆಲ್ಲಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ.

ಅದಾದ ಎರಡನೆಯ ಶನಿವಾರವೇ ಬಿಸಿ ಮತ್ತೆ ಎದ್ದಿತು. ಆರತಿ ತಟ್ಟೆ ಕೆಳಗಿಟ್ಟು ಕಂಬ ಹಿಡಿದು ನಿಂತೆ. ಔಷಧಿ ಬಿಟ್ಟರೆ ಇನ್ನು ಮುಂದೆ ಹೀಗೇ, ಹಚ್ಚಿದರೆ ಆ ಅಂಕಿ. ಸ್ವಾಮಿ, ಎತ್ತ ಹೋಗಲಿ ಎಂದು ಕೇಳಿದೆ. ಸ್ವಾಮಿ ನನ್ನನ್ನು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗೇ ಕಳಿಸಿದ ಎಂದು ಈಗಲೂ ನಂಬಿದ್ದೇನೆ.

"ನಿಮ್ಮ ಮೈಸೂರಿನ ಮಿಷನ್ನು ಕೆಟ್ಟಿದ್ಯಾ ರಾಚಮ್ಮನೋರೆ?" ಎಂದು ಚೀಟಿಯನ್ನು ಮೇಜಿನ ಮೇಲೆ ಹಾಕಿದೆ.

ಅವರು ಚೀಟಿ ನೋಡಲಿಲ್ಲ, ನನ್ನ ಮುಖ ನೋಡಿದರು. ಇದು ಅವರ ಅಭ್ಯಾಸ. "ಚೀಟೀಲಿ ನಂಬರ್ ಇರ್ತದ ಕಣವ್ವ, ನೀ ಇರಲ್ಲ" ಎಂದು ಯಾವಾಗಲೂ ಹೇಳುವರು. ಎಲ್ಲ ಕೇಳಿಕೊಂಡು, "ಆ ಔಸ್ದಿ ಎಂಗ್ ಅಚ್ಕತೀಯ, ಒಂದಪ ಮಾಡಿ ತೋರ್ಸು" ಎಂದರು.

ಸಂಕೋಚದಿಂದಲೇ ತೋರಿಸಿದೆ. ಸ್ನಾನ ಆಯಿತು. ಬಲ ಅಂಗೈಗೆ ಜೆಲ್ ಒತ್ತಿಕೊಂಡೆ. ಎಡ ಭುಜದಿಂದ ಸವರುತ್ತಾ ಕೆಳಗಿಳಿದೆ. ಬೆರಳು ಮೊಣಕೈ ಮಡಿಕೆಗೆ ಬಂದಾಗ ರಾಚಮ್ಮ ಫಕ್ಕನೆ ನನ್ನ ಕೈ ಹಿಡಿದು ಅಲ್ಲೇ ನಿಲ್ಲಿಸಿದರು.

"ಇಲ್ಲೇ ಅಲ್ವಾ ನಾ ಚುಚ್ಚಿದ್ದು? ಅವತ್ತೂ ಅಚ್ಕಂಡೇ ಬಂದಿದ್ದಾ?"

"ಹೂಂ, ಎಂದಿನಂತೆ."

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. "ಅಯ್ಯೋ ನನ್ ತಾಯಿ. ಚರ್ಮದ ಮ್ಯಾಲಿದ್ದ ಔಸ್ದಿನೇ ಸೂಜಿ ಜೊತ್ಗ ಬಂದದ. ನಿನ್ ಮೈಯೊಳಗಿಂದಲ್ಲ ಕಣವ್ವ ಅದು, ತೋಳ್ ಮ್ಯಾಲಿಂದು. ನಾ ಕೇಳ್ಬೇಕಿತ್ತು, ಕೇಳ್ನಿಲ್ಲ. ತಪ್ಪು ನಂದು." ಮರುಕ್ಷಣವೇ ಗದರಿದರು: "ನಾ ಡಾಕ್ಟ್ರಲ್ಲ. ಈಗ್ಲೆ ಆವಮ್ಮಂಗ ಫೋನ್ ಮಾಡು, ನನ್ ಮುಂದೇನೇ."

ಡಾಕ್ಟರಮ್ಮ ಫೋನಿನಲ್ಲಿ ಹಾಗೇ ಆಗಿರಬೇಕು ಎಂದರು. ಕೇಳದೆ ನಿಲ್ಲಿಸಿದ್ದಕ್ಕೆ ಬೈದರು. ಮತ್ತೆ ಶುರು ಮಾಡಿ, ಕೆಲವು ವಾರ ಕಳೆದ ಮೇಲೆ, ಬೆಳಿಗ್ಗೆ ಜೆಲ್ ಹಚ್ಚುವ ಮುಂಚೆ, ಹಚ್ಚದ ಕೈಯಿಂದ ರಕ್ತ ಕೊಡಿ ಎಂದರು. ಇನ್ನೂ ಒಂದು ಮಾತು ಹೇಳಿದರು: ಅಂಕಿ ದಿನಕ್ಕೊಂದು ತರ ಏರಿಳಿಯುತ್ತದೆ, ನಿಮ್ಮ ನಿದ್ದೆ ಬೆವರು ಹೇಗಿದೆ ಎನ್ನುವುದನ್ನು ಅದರ ಜೊತೆಗಿಟ್ಟೇ ನಾನು ಔಷಧಿ ತೀರ್ಮಾನಿಸೋದು. ರಾಚಮ್ಮ ಹೇಳುತ್ತಿದ್ದುದನ್ನೇ ಡಾಕ್ಟರಮ್ಮ ಓದಿದವರ ಮಾತಿನಲ್ಲಿ ಹೇಳಿದ್ದರು.

ಹಚ್ಚದ ಕೈ ಎಂದರೆ ಬಲಗೈ. ಆ ದಿನ ಬಂದಾಗ ನನ್ನ ಮುಖ ನೋಡಿಯೇ ರಾಚಮ್ಮನಿಗೆ ಗೊತ್ತಾಯಿತು. "ನಿಂಗ ಮನಸ್ಸಿಲ್ದಿದ್ರ ಬ್ಯಾಡ ಕಣವ್ವ. ಔಸ್ದೀನ ಬ್ಯಾರೆ ಕಡ ಅಚ್ಕಬೋದಾ ಅಂತ ಡಾಕ್ಟ್ರಮ್ಮನ್ನೇ ಕೇಳು. ನಾ ಕಾಯ್ತೀನಿ" ಎಂದರು. ನಾನು ಕೂತು ಯೋಚಿಸಿದೆ. ದೀಪ ಹಚ್ಚುವ ಕೈ ಇದು, ನಿಜ. ಆದರೆ ಮತ್ತೆ ನಿಂತು ದೀಪ ಹಚ್ಚುವುದಕ್ಕೇ ತಾನೇ ಇಷ್ಟೆಲ್ಲ? ಸೆರಗು ಸರಿಸಿ ಬಲಗೈ ಮುಂದಿಟ್ಟೆ. ರಾಚಮ್ಮ ಎದ್ದುಹೋಗಿ ಇನ್ನೊಮ್ಮೆ ಕೈ ತೊಳೆದು ಬಂದರು. ಅವತ್ತು ನರಕ್ಕೆ "ಬಾರವ್ವ" ಎನ್ನಲಿಲ್ಲ, "ಬನ್ನಿ ತಾಯಿ" ಎಂದು ಕರೆದರು.

ಚೀಟಿಯಲ್ಲಿ ಅಂಕಿ ಇರಬೇಕಾದ ಕಡೆಯೇ ಇತ್ತು. ಯಜಮಾನರು ಅದನ್ನು ಮಡಚಿ ಗೋಪಾಲಸ್ವಾಮಿಯ ಪಟದ ಹಿಂದೆ ಇಟ್ಟರು. ರಾಚಮ್ಮ ಮಾತ್ರ ಆಗಲೂ ಅದನ್ನು ಓದಲಿಲ್ಲ. "ಮಂಗ್ಳಾರ್ತಿ ಪೂರ್ತಿ ಆಯ್ತದಾ ಈಗ?" ಎಂದು ಕೇಳಿದರು. ಆಗುತ್ತೆ ಎಂದೆ. "ಅದೇ ರಿಪೋಲ್ಟು" ಎಂದರು.

ಹೋದ ವರ್ಷ ಅವರ ಮಗಳಿಗೆ ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸವಾಯಿತು. ಮೊಮ್ಮಗಳನ್ನು ನೋಡಿಕೊಳ್ಳಲು ರಾಚಮ್ಮ ಹೊರಟರು. ಕೊನೆಯ ದಿನ ಗೋಪಾಲಸ್ವಾಮಿ ಬೆಟ್ಟದ ಪ್ರಸಾದ ತೆಗೆದುಕೊಂಡು ಹೋದೆ. ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ನನ್ನ ಬಲಗೈಯನ್ನು ತಿರುಗಿಸಿ ನೋಡಿ, "ಗುರ್ತೂ ಉಳ್ದಿಲ್ಲ ನೋಡು" ಎಂದು ಸವರಿದರು.

ದಿನವೂ ಮಲಗುವ ಮುಂಚೆ ಆ ದಿನ ಸ್ವಾಮಿ ಕೊಟ್ಟದ್ದನ್ನು ಬೆರಳಲ್ಲಿ ಎಣಿಸುವುದು ನನ್ನ ಅಭ್ಯಾಸ. ನಿದ್ದೆ ಒಂದು, ಯಜಮಾನರು ಕಂಬಳಿಯಿಲ್ಲದೆ ಮಲಗುವುದು ಇನ್ನೊಂದು. ಮೂರನೆಯ ಬೆರಳಿಗೆ ಎಷ್ಟೋ ದಿನ ರಾಚಮ್ಮನೇ ಬರುತ್ತಾರೆ.

ಮೊನ್ನೆ ಸಕ್ಕರೆ ಪರೀಕ್ಷೆಗೆ ಅದೇ ಲ್ಯಾಬಿಗೆ ಹೋಗಿದ್ದೆ. ಹೊಸ ಹುಡುಗಿ, ಚುರುಕಿನವಳು. ಬಲಗೈ ಕೊಟ್ಟೆ. ತಟ್ಟಿದಳು, ಒತ್ತಿದಳು, ನರ ಸಿಗಲಿಲ್ಲ. ನಾನೇ ತಲೆ ಬಗ್ಗಿಸಿ, "ಬಾರವ್ವ ಈಚ್ಗ, ನಾಚ್ಕಬ್ಯಾಡ" ಎಂದೆ.

"ಯಾರ್‍ನ ಕರೀತಿದ್ದೀರಿ ಆಂಟಿ?" ಎಂದಳು ಹುಡುಗಿ.

"ನೀನು ಇನ್ನೊಂದ್ಸಲ ತಟ್ಟು ಕಣಮ್ಮಿ" ಎಂದೆ. ತಟ್ಟಿದಳು. ಬಂತು.